ಆಗ ತಗೋಬೇಕಿತ್ತು

ಭಾನುವಾರ ಬೆಳಗ್ಗೆ ಎಂಟಕ್ಕೆ ಮೇಖ್ರಿ ಸರ್ಕಲ್ ಹತ್ತಿರ ಟೆಂಪೋ ಟ್ರಾವೆಲರ್ ಒಂದು ನಿಂತಿದ್ದರೆ, ಕಿಟಕಿ ಪಕ್ಕದ ಸೀಟಿನಲ್ಲಿ ಸೈಟು ರಾಯರು ಕೂತಿದ್ದಾರೆ ಎಂದೇ ಲೆಕ್ಕ. ತಲೆಗೆ ಟೋಪಿ, ಕಂಕುಳಲ್ಲಿ ಛತ್ರಿ, ವಾಸ್ತು ನೋಡಲು ಜೇಬಿನಲ್ಲೊಂದು ದಿಕ್ಸೂಚಿ. ಲೇಔಟಿನವರು ಪುಕ್ಕಟೆ ಕರೆದುಕೊಂಡು ಹೋಗಿ, ಸೈಟು ತೋರಿಸಿ, ಶಾಮಿಯಾನದ ಕೆಳಗೆ ಊಟ ಹಾಕಿ, ಸಂಜೆಗೆ ವಾಪಸು ತಂದುಬಿಡುತ್ತಾರೆ. ರಾಯರು ಇದಕ್ಕೆ ‘ಫೀಲ್ಡ್ ವಿಸಿಟ್’ ಎನ್ನುತ್ತಾರೆ. ಅವರ ಮನೆಯವರು ‘ಸಂತರ್ಪಣೆ’ ಎನ್ನುತ್ತಾರೆ. ರಿಯಲ್ ಎಸ್ಟೇಟಿಗೆ ಇಳಿಯಬೇಕೆಂದು ರಾಯರು ತೀರ್ಮಾನಿಸಿ 16 ವರ್ಷವಾಯಿತು. ವಾಸ ರಾಜಾಜಿನಗರದ ಬಾಡಿಗೆ ಮನೆಯಲ್ಲಿ.

ಬೆಂಗಳೂರಿನ ಯಾವ ಮದುವೆಯ ಎರಡನೇ ಪಂಕ್ತಿಯಲ್ಲಿ ಕೂತರೂ ಪಕ್ಕದ ಎಲೆ ಇಂಥವರೊಬ್ಬರದು. ವಿಷಯ ಭೂಮಿಯದಾದ್ದರಿಂದಲೋ ಏನೋ, ಮಾತೆಲ್ಲ ಭೂತಕಾಲದಲ್ಲೇ. “ದೇವನಹಳ್ಳಿ! 2008ರಲ್ಲಿ ಏರ್‌ಪೋರ್ಟು ಶುರುವಾಯ್ತಲ್ಲ, ಅದಕ್ಕೆ ಮುಂಚೆ ತಗೋಬೇಕಿತ್ತು.” ಪಲ್ಯ ಬರುತ್ತದೆ. “ಬೈಯಪ್ಪನಹಳ್ಳಿ! 2011ರಲ್ಲಿ ಮೊದಲ ಮೆಟ್ರೋ ಅಲ್ಲಿಂದಲೇ ಹೊರಟಿದ್ದು. ಆಗ ತಗೋಬೇಕಿತ್ತು.” ಹುಳಿ ಬರುವ ಹೊತ್ತಿಗೆ ಎಲೆಕ್ಟ್ರಾನಿಕ್ ಸಿಟಿ. ಕಿಯೋನಿಕ್ಸ್ ಅದಕ್ಕೆ ಅಡಿಪಾಯ ಹಾಕಿದ್ದು 1978ರಲ್ಲಿ. ರಾಯರಿಗೆ ಆಗಿನ್ನೂ ಹಾಲುಹಲ್ಲು ಬಿದ್ದಿರಲಿಲ್ಲ. ಆದರೂ ತಪ್ಪು ತಮ್ಮದೇ ಎಂಬಂತೆ ಒಂದು ನಿಟ್ಟುಸಿರು.

ಅವರಿಗೆ ಏನೂ ತಿಳಿಯದು ಅಂದರೆ ಅನ್ಯಾಯವಾದೀತು. ಗುಂಟೆಗೆ 1,089 ಚದರಡಿ, ಎಕರೆಗೆ 40 ಗುಂಟೆ, ಥರ್ಟಿ ಫಾರ್ಟಿ ಅಂದರೆ ಒಂದು ಗುಂಟೆಗಿಂತ ತುಸು ಹೆಚ್ಚು. ಇದೆಲ್ಲ ಮಗ್ಗಿಯಂತೆ ಬಾಯಿಗೆ ಬರುತ್ತದೆ. ಎ ಖಾತೆ, ಬಿ ಖಾತೆ, ರೆವಿನ್ಯೂ ಸೈಟು, ಪಹಣಿ, ಫೌತಿ ಎಲ್ಲವೂ ಗೊತ್ತು. 2020ರಲ್ಲಿ ಭೂಸುಧಾರಣಾ ಕಾಯ್ದೆಯ 79ಎ, 79ಬಿ ಹೋದಮೇಲೆ ಕೃಷಿಕರಲ್ಲದವರೂ ಹೊಲ ಕೊಳ್ಳಬಹುದೆಂದು ಬೀದಿಗೆಲ್ಲ ಹೇಳಿದವರೇ ಇವರು. ಕೇಳಿದ ಎದುರುಮನೆಯವರು ಮಾಗಡಿ ಕಡೆ ಒಂದೆಕರೆ ಹಿಡಿದರು. ಈಗ ರಾಯರ ಪಟ್ಟಿಗೆ ಮಾಗಡಿಯೂ ಸೇರಿದೆ.

ಒಂದು ಸಲ ಮಾತ್ರ ಕೈ ಚೆಕ್‌ಬುಕ್ಕಿನವರೆಗೆ ಹೋಗಿತ್ತು. ಚಿಕ್ಕಬಳ್ಳಾಪುರದ ರಸ್ತೆಯಲ್ಲಿ, ಹೆಸರು ಬೇಡ, ಒಂದು ಲೇಔಟು. ಕಮಾನು ದೊಡ್ಡದು, ಒಳಗೆ ಸುಣ್ಣ ಬಳಿದ ಕಲ್ಲುಗಳು, ನಡುವೆ ಕೊಯ್ಯದ ರಾಗಿ. “ಏರ್‌ಪೋರ್ಟು ಇಲ್ಲಿಂದ ಹದಿನೈದೇ ನಿಮಿಷ ಸಾರ್” ಅಂದ ಹುಡುಗ. ವಿಮಾನದಲ್ಲಿ ಇರಬೇಕು. ರಾಯರು ಈಶಾನ್ಯ ಮೂಲೆ ಹುಡುಕುತ್ತಿದ್ದಾಗ ಅವರ ಮನೆಯವರು ಫೈಲು ಕೈಗೆ ತೆಗೆದುಕೊಂಡರು. ಮೂವತ್ತು ವರ್ಷ ಹೈಸ್ಕೂಲಿನ ಉತ್ತರಪತ್ರಿಕೆ ತಿದ್ದಿದ ಕೈ ಅದು.

“ರೇರಾ ನಂಬರ್ ಎಲ್ಲಪ್ಪಾ?”

“ಅಪ್ಲೈ ಆಗಿದೆ ಮೇಡಂ.”

“ನೋಂದಣಿ ಆಗದೆ ಜಾಹೀರಾತನ್ನೂ ಕೊಡೋ ಹಾಗಿಲ್ವಲ್ಲ. ಡಿಸಿ ಕನ್ವರ್ಷನ್?”

“ಆಗ್ತಾ ಇದೆ ಮೇಡಂ.”

“ಇಸಿ ಹದಿಮೂರು ವರ್ಷದ್ದೇ ಇದೆ. ಅದಕ್ಕೆ ಹಿಂದಿಂದು?”

ಹುಡುಗ ಮಜ್ಜಿಗೆ ತರಲು ಹೋದ. ಆಕೆ ವಂಶವೃಕ್ಷಕ್ಕೆ ಬಂದರು. ಜಮೀನು ಮಾರಿದವರಿಗೆ ಮೂವರು ಅಕ್ಕತಂಗಿಯರು, ಪತ್ರದಲ್ಲಿ ಒಬ್ಬರ ಸಹಿಯೂ ಇಲ್ಲ. ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೆ ಸಮಪಾಲು ಕೊಡುವ ತಿದ್ದುಪಡಿ ದೇಶಕ್ಕೆ ಬಂದದ್ದು 2005ರಲ್ಲಿ. ಕರ್ನಾಟಕದಲ್ಲಿ 1994ರಲ್ಲೇ ಬಂದಿತ್ತು. ಸಹಿ ಹಾಕದ ತಂಗಿ ಇಪ್ಪತ್ತು ವರ್ಷದ ಮೇಲೆ ಮೊಮ್ಮಗನ ಕೈಹಿಡಿದು ಕೋರ್ಟಿಗೆ ಬಂದ ಕಥೆ ಯಾವ ತಾಲ್ಲೂಕಿನ ವಕೀಲರನ್ನು ಕೇಳಿದರೂ ಸಿಗುತ್ತದೆ. ಕೊನೆಗೆ ಹುಡುಗನ ಮಾಲೀಕರೇ ಬಂದು “ಜಿಪಿಎ ಮಾಡಿಕೊಟ್ಟುಬಿಡೋಣ ಮೇಡಂ” ಅಂದರು. ಜಿಪಿಎ ಬರೆದುಕೊಟ್ಟ ಮಾತ್ರಕ್ಕೆ ಒಡೆತನ ಬಾರದೆಂದು ಸುಪ್ರೀಂ ಕೋರ್ಟು 2011ರಲ್ಲೇ ಹೇಳಿಯಾಗಿದೆ. ಆಕೆ ಫೈಲು ಮುಚ್ಚಿ, ಮಜ್ಜಿಗೆ ಕುಡಿದು, ವ್ಯಾನು ಹತ್ತಿದರು. ರಾಯರು ಹಿಂದೆ ಹಿಂದೆ, ಈಶಾನ್ಯದ ಕಡೆಯೇ ನೋಡುತ್ತ.

ಸೈಟಿನ ಗೊಡವೆ ಬೇಡ, ಸಾಲ ಮಾಡಿ ಫ್ಲಾಟು ಕೊಂಡು ಬಾಡಿಗೆಗೆ ಬಿಡೋಣ ಎಂದು ಮುಂದೆ ಬ್ಯಾಂಕಿಗೆ ಹೋದರು. ಲೆಕ್ಕ ಸರಳ ಎಂದುಕೊಂಡಿದ್ದರು: ಬಾಡಿಗೆಯೇ ಕಂತು ಕಟ್ಟುತ್ತದೆ. ಫ್ಲಾಟು 60 ಲಕ್ಷ. ಈ ಮೊತ್ತದ ಸಾಲಕ್ಕೆ ರಿಸರ್ವ್ ಬ್ಯಾಂಕಿನ ಮಿತಿ ಶೇ. 80, ಅಂದರೆ 48 ಲಕ್ಷ. ಮಿಕ್ಕ 12 ಲಕ್ಷ ಕೈಯಿಂದ. ಮುದ್ರಾಂಕ, ಸೆಸ್ಸು, ಸರ್‌ಚಾರ್ಜು ಸೇರಿ ಶೇ. 5.6. ನೋಂದಣಿ ಶುಲ್ಕ ಶೇ. 1 ಇದ್ದದ್ದು 2025ರ ಆಗಸ್ಟ್ ಕೊನೆಯಿಂದ ಶೇ. 2. ಅಲ್ಲಿಗೆ ಇನ್ನೊಂದು ನಾಲ್ಕೂವರೆ ಲಕ್ಷ. ಇಷ್ಟಾದ ಮೇಲೆ ಮ್ಯಾನೇಜರು ಕ್ಯಾಲ್ಕುಲೇಟರು ಇವರ ಕಡೆ ತಿರುಗಿಸಿದರು. ಎಂಟೂವರೆ ಬಡ್ಡಿ, 20 ವರ್ಷ: ತಿಂಗಳ ಕಂತು 41,655 ರೂಪಾಯಿ. ಒಟ್ಟು ಕಟ್ಟುವುದು ಒಂದು ಕೋಟಿಗೆ ಮೂರು ಸಾವಿರ ಕಡಿಮೆ. ಬಾಡಿಗೆ ಎಷ್ಟು ಬರುತ್ತದೆಂದು ರಾಯರು ಅಂದಾಜಿಸಿದ್ದು 17 ಸಾವಿರ.

ರಾಯರು ಒಂದು ಲೋಟ ನೀರು ಕೇಳಿದರು.

ಇದೆಲ್ಲ ಕೇಳಿ ನಕ್ಕವಳು ತಂಗಿಯ ಮಗಳು. ನಾಗವಾರದ ಕಡೆ ಕೆಲಸ. ಮೊದಲ ಸಂಬಳದಲ್ಲಿ ರೀಟ್ ಯೂನಿಟ್ಟು ಕೊಂಡಿದ್ದಳಂತೆ: ಆಫೀಸು ಕಟ್ಟಡಗಳನ್ನು ಚೂರುಚೂರು ಮಾಡಿ ಷೇರಿನಂತೆ ಮಾರುವ ವ್ಯವಸ್ಥೆ. ದೇಶದ ಮೊದಲ ರೀಟ್, ಎಂಬೆಸಿಯದು, 2019ರ ಏಪ್ರಿಲ್‌ನಲ್ಲಿ 300 ರೂಪಾಯಿ ಬೆಲೆಗೆ ಮಾರುಕಟ್ಟೆಗೆ ಬಂತು. ಆಗ ಕನಿಷ್ಠ 2 ಲಕ್ಷವಾದರೂ ಹಾಕಬೇಕಿತ್ತು. 2021ರಿಂದ ಒಂದೇ ಯೂನಿಟ್ಟನ್ನೂ ಕೊಳ್ಳಬಹುದು. ಷೇರಿನಂತೆಯೇ ಬೆಲೆ ಇಳಿಯಲೂಬಹುದು, ಅದನ್ನೂ ಹುಡುಗಿ ಮುಚ್ಚಿಡಲಿಲ್ಲ. ರಾಯರಿಗೆ ರುಚಿಸಲಿಲ್ಲ. “ಕಾಲೂರಲು ಮಣ್ಣಿಲ್ಲದ್ದು ಎಂಥಾ ಆಸ್ತಿನಮ್ಮಾ? ಬೇಲಿ ಎಲ್ಲಿಗೆ ಹಾಕ್ತೀಯ?”

ಹೋದ ವಾರ ಇಬ್ಬರೂ ಮಾನ್ಯತಾ ಟೆಕ್ ಪಾರ್ಕಿನ ಮುಂದೆ ಮುಕ್ಕಾಲು ಗಂಟೆ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡರು. ಹುಡುಗಿ ಕಟ್ಟಡಗಳ ಕಡೆ ಕೈತೋರಿಸಿ, “ಮಾಮ, ಇದೂ ಆ ರೀಟಿನದೇ. ಒಂದೆರಡು ಇಟ್ಟಿಗೆ ನಂದು” ಅಂದಳು. ರಾಯರು ಕಿಟಕಿಯಿಂದ ಅಷ್ಟೆತ್ತರಕ್ಕೂ ಕಣ್ಣುಹಾಯಿಸಿದರು. ಬೆರಳು ಮಡಚಿ ಏನೋ ಎಣಿಸಿದರು.

“2019ರಲ್ಲೇ ತಗೋಬೇಕಿತ್ತು.”

ಈ ಭಾನುವಾರದ ವ್ಯಾನು ದೊಡ್ಡಬಳ್ಳಾಪುರದ ಕಡೆಗೆ. ಊಟಕ್ಕೆ ಹೋಳಿಗೆ ಇದೆಯಂತೆ.