ಸಮುದ್ರೋಲ್ಲಂಘನ ಮೀಮಾಂಸೆ: ಷೇರು ಖಂಡ

ವಿಷಯ ಪ್ರವೇಶ

ಕಡಲು ದಾಟಿದ ಮನುಷ್ಯನಿಗೆ ಪ್ರಾಯಶ್ಚಿತ್ತವೇನೆಂದು ಹಿರಿಯರು ಗ್ರಂಥಗಟ್ಟಲೆ ಬರೆದಿಟ್ಟಿದ್ದಾರೆ. ಆದರೆ ಮನುಷ್ಯ ಮಾರತ್‌ಹಳ್ಳಿ ಟ್ರಾಫಿಕ್ಕಿನಲ್ಲೇ ಸಿಕ್ಕಿಕೊಂಡಿದ್ದು, ಅವನ ದುಡ್ಡು ಮಾತ್ರ ಕಡಲು ದಾಟಿದರೆ ಏನು ಗತಿ ಎಂದು ಅವರು ಯೋಚಿಸಲಿಲ್ಲ. ಆ ಕೊರತೆಯನ್ನು ರಿಸರ್ವ್ ಬ್ಯಾಂಕ್, ಸೆಬಿ, ಆದಾಯ ತೆರಿಗೆ ಇಲಾಖೆ ಎಂಬ ಮೂವರು ಸ್ಮೃತಿಕಾರರು ನೀಗಿಸಿದ್ದಾರೆ. ಅವರ ಸುತ್ತೋಲೆಗಳಿಗೆ ಪೀಣ್ಯ, ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿಗಳ ಲೋಕಾಚಾರವನ್ನು ಆಧರಿಸಿ ಬರೆದ ಭಾಷ್ಯವಿದು.

ಯುಗವಿಭಾಗ

ಮೊದಲನೆಯದು ನಿಷೇಧಯುಗ. 1973ರ ಫೆರಾ ಎಂಬ ವಿದೇಶಿ ವಿನಿಮಯ ಕಾಯ್ದೆಯ ಕಣ್ಣಿನಲ್ಲಿ ಡಾಲರ್ ಬಯಸಿದವನು ಅರ್ಧ ಅಪರಾಧಿ, ಬಚ್ಚಿಟ್ಟುಕೊಂಡವನು ಪೂರ್ಣ ಅಪರಾಧಿ. 1991ರಲ್ಲಿ ಸರ್ಕಾರವೇ ಚಿನ್ನ ಅಡವಿಟ್ಟಿತು. ಪ್ರಜೆಯ ಆಸೆ ಕೇಳುವವರಾರು? 1992ರಲ್ಲಿ ವಿದೇಶಿ ಹೂಡಿಕೆ ಸಂಸ್ಥೆಗಳಿಗೆ ಬಾಗಿಲು ತೆರೆಯಿತು, ಒಳಬರುವುದಕ್ಕೆ. 1999ರ ಮಾರ್ಚ್‌ನಲ್ಲಿ ಇನ್ಫೋಸಿಸ್ ನಾಸ್ಡಾಕ್ ಸೇರಿತು. ನ್ಯೂಯಾರ್ಕಿನವನು ಹೊಸೂರು ರಸ್ತೆಯ ಕಂಪನಿಯಲ್ಲಿ ಪಾಲು ಕೊಂಡ. ಹೊಸೂರು ರಸ್ತೆಯವನು ತನ್ನ ಉಳಿತಾಯದಿಂದ ನ್ಯೂಯಾರ್ಕಿನ ಕಂಪನಿಯಲ್ಲಿ ಪಾಲು ಕೊಳ್ಳುವಂತಿರಲಿಲ್ಲ.

ಎರಡನೆಯದು ಸಂಬಂಧಯುಗ. 2000ದಲ್ಲಿ ಫೆರಾ ಹೋಗಿ ಫೆಮಾ ಕಾಯ್ದೆ ಬಂತು. 2003ರಲ್ಲಿ ವಿದೇಶಿ ಷೇರು ಕೊಳ್ಳಲು ಅಪ್ಪಣೆಯಾಯಿತು, ಆದರೆ ಆ ವಿದೇಶಿ ಕಂಪನಿಗೆ ಭಾರತದ ಯಾವುದಾದರೂ ನೋಂದಾಯಿತ ಕಂಪನಿಯಲ್ಲಿ ಶೇ. 10ರಷ್ಟಾದರೂ ಪಾಲಿರಬೇಕಿತ್ತು. ಗೋತ್ರ ಕೇಳದೆ ಹೆಣ್ಣು ಕೊಡುವುದಿಲ್ಲವೆಂಬ ಧರ್ಮ ಹೀಗೆ ಷೇರುಪೇಟೆಗೂ ಬಂತು.

ಮೂರನೆಯದು ಅನುಗ್ರಹಯುಗ. 2004ರ ಫೆಬ್ರವರಿಯಲ್ಲಿ ಹೊರದೇಶಕ್ಕೆ ಕಳಿಸಲು ತಲೆಗೆ ವರ್ಷಕ್ಕೆ 25,000 ಡಾಲರ್ ಮಿತಿ. 2007ರಲ್ಲಿ 2 ಲಕ್ಷ. 2013ರ ಆಗಸ್ಟಿನಲ್ಲಿ ರೂಪಾಯಿ ಜಾರಿದಾಗ 75,000ಕ್ಕೆ ಇಳಿಕೆ, 2015ರಲ್ಲಿ 2.5 ಲಕ್ಷಕ್ಕೆ ಏರಿಕೆ. ಸೂತ್ರ: ರೂಪಾಯಿಗೆ ಜ್ವರ ಬಂದರೆ ಪ್ರಜೆಗೆ ಪಥ್ಯ.

ಪೂರ್ವಪಕ್ಷ

ಪೀಣ್ಯದ ವರ್ಕ್‌ಶಾಪ್ ಮಾಲೀಕನ ಆಕ್ಷೇಪ: "ಸ್ವಾಮಿ, ಎರಡೂವರೆ ಲಕ್ಷ ಡಾಲರ್ ಅಂದ್ರೆ ಎರಡು ಕೋಟಿ ರೂಪಾಯಿಗೂ ಮೇಲಾಯ್ತು. ಅಷ್ಟಿದ್ದಿದ್ರೆ ಇನ್ನೊಂದು ಸಿಎನ್‌ಸಿ ಮಷೀನ್ ಹಾಕ್ತಿದ್ದೆ. ನನಗೆ ಇದು ಯಾವ ಸೀಮೆ ನಿರ್ಬಂಧ?"

ಎಲೆಕ್ಟ್ರಾನಿಕ್ ಸಿಟಿಯ ಆಕ್ಷೇಪ: "ನಾನು ರೂಪಾಯಿಯಲ್ಲೇ ಮ್ಯೂಚುವಲ್ ಫಂಡಿಗೆ ಕೊಡ್ತೀನಿ. ಕಡಲು ದಾಟೋರು ಅವರು, ನಾನಲ್ಲ."

ವೈಟ್‌ಫೀಲ್ಡಿನ ಆಕ್ಷೇಪ: "ನಾನು ಬಿಡಿಗಾಸೂ ಕಳಿಸಿಲ್ಲ. ಕಂಪನಿ ಕೊಟ್ಟ ಆರ್‌ಎಸ್‌ಯು ಷೇರು ತಾನಾಗೇ ಅಮೆರಿಕದ ಖಾತೆಯಲ್ಲಿ ಬಂದು ಕೂತಿದೆ. ದಾಟದವನಿಗೆ ಪ್ರಾಯಶ್ಚಿತ್ತ ಯಾಕೆ?"

ಸಿದ್ಧಾಂತ

ನಿರ್ಬಂಧಕ್ಕೆ ಸಾವಿಲ್ಲ, ಅದು ಹಳೆಯ ದೇಹ ಬಿಟ್ಟು ಹೊಸ ದೇಹ ಧರಿಸುತ್ತದೆ. ಜೈಲಾಗಿದ್ದುದು ಮಿತಿಯಾಯಿತು, ಮಿತಿಯಾಗಿದ್ದುದು ಫಾರಂ ಆಯಿತು.

ಪೀಣ್ಯಕ್ಕೆ ಉತ್ತರ: ಮಿತಿ ಮುಟ್ಟುವ ಮೊದಲೇ ಟಿಸಿಎಸ್ (ಮೂಲದಲ್ಲೇ ಸಂಗ್ರಹಿಸುವ ತೆರಿಗೆ) ಮುಟ್ಟುತ್ತದೆ. 2020ರ ಅಕ್ಟೋಬರಿನಿಂದ, ಹೊರಗೆ ಕಳಿಸಿದ್ದರಲ್ಲಿ ವರ್ಷಕ್ಕೆ 7 ಲಕ್ಷ ರೂಪಾಯಿ ದಾಟಿದ ಮೊತ್ತಕ್ಕೆ ಶೇ. 5, 2023ರ ಅಕ್ಟೋಬರಿನಿಂದ ಶೇ. 20, 2025ರ ಏಪ್ರಿಲಿನಲ್ಲಿ ಆ 7 ಲಕ್ಷ 10 ಲಕ್ಷವಾಯಿತು. "ಇದು ತೆರಿಗೆಯಲ್ಲ, ರಿಟರ್ನ್ಸ್ ಹಾಕುವಾಗ ಹೊಂದಿಸಿಕೊಳ್ಳೋಣ" ಎನ್ನುತ್ತಾರೆ ಆಡಿಟರು. ದುಡ್ಡು ಅಲ್ಲಿಯವರೆಗೆ ಸರ್ಕಾರದ ಆತಿಥ್ಯದಲ್ಲಿರುತ್ತದೆ.

ಎಲೆಕ್ಟ್ರಾನಿಕ್ ಸಿಟಿಗೆ ಉತ್ತರ: ದೇಶದ ಎಲ್ಲ ಫಂಡುಗಳಿಗೂ ಸೇರಿ ವಿದೇಶಿ ಹೂಡಿಕೆಗೆ 700 ಕೋಟಿ ಡಾಲರ್ ಮಿತಿ. ಅದು 2008ರಷ್ಟು ಹಳೆಯದು. 2022ರ ಆರಂಭದಲ್ಲಿ ಪಾತ್ರೆ ತುಂಬುತ್ತಾ ಬಂದಾಗ ಸೆಬಿ ಹೊಸ ಹೂಡಿಕೆ ನಿಲ್ಲಿಸಲು ಹೇಳಿತು. ಸಹಪಂಕ್ತಿಯಲ್ಲಿ ಮುಂದಿನವರು ಪಾಯಸ ಮುಗಿಸಿದರೆ ಕೊನೆಯ ಎಲೆಗೆ ಮಜ್ಜಿಗೆಯೇ ಗತಿ.

ವೈಟ್‌ಫೀಲ್ಡಿಗೆ ಉತ್ತರವೇ ಕಠಿಣ. ರಿಟರ್ನ್ಸ್‌ನಲ್ಲಿ ವಿದೇಶಿ ಆಸ್ತಿ ಬರೆಯಲು ಶೆಡ್ಯೂಲ್ ಎಫ್‌ಎ ಎಂಬ ಪ್ರಕರಣವಿದೆ. ಸಂಬಳದ ವರ್ಷ ಏಪ್ರಿಲಿನಿಂದ ಮಾರ್ಚ್. ಇಲ್ಲಿ ಜನವರಿಯಿಂದ ಡಿಸೆಂಬರ್. ಚಾಂದ್ರಮಾನದವನ ತಿಥಿಯನ್ನು ಸೌರಮಾನದಲ್ಲಿ ಮಾಡಿಸಿದಂತೆ. ಷೇರು ಕೈಗೆ ಬಂದ ದಿನದ ಬೆಲೆ, ವರ್ಷದಲ್ಲಿ ಏರಿದ ಗರಿಷ್ಠ ಬೆಲೆ, ವರ್ಷಾಂತ್ಯದ ಬೆಲೆ, ಎಲ್ಲವನ್ನೂ ರೂಪಾಯಿಗೆ ತಿರುಗಿಸಿ ಬರೆಯಬೇಕು. ಮಾರದ ಷೇರು ಒಂದು ಮಧ್ಯಾಹ್ನ ಎಷ್ಟು ಎತ್ತರಕ್ಕೆ ಹೋಗಿತ್ತೆಂದು ಮಾಲೀಕ ಮರೆತರೂ ಶಾಸ್ತ್ರ ಮರೆಯುವುದಿಲ್ಲ. ಮಾರಿದರೂ ಬಿಡುಗಡೆಯಿಲ್ಲ: 2022ರ ನಿಯಮದಂತೆ, ಬಂದ ಹಣವನ್ನು ಮತ್ತೆ ಹೂಡದೆ, ಬಳಸದೆ ಇಟ್ಟರೆ 180 ದಿನಗಳೊಳಗೆ ತವರಿಗೆ ಕರೆತರಬೇಕು.

ಫಲಶ್ರುತಿ

ಶೆಡ್ಯೂಲ್ ಎಫ್‌ಎ ಪ್ರಕರಣವನ್ನು ತುಂಬದವನಿಗೆ 2015ರ ಕಪ್ಪುಹಣ ಕಾಯ್ದೆಯಡಿ 10 ಲಕ್ಷ ರೂಪಾಯಿ ದಂಡ ವಿಧಿಸಬಹುದು. ಸ್ಥಿರಾಸ್ತಿ ಬಿಟ್ಟು ಒಟ್ಟು 20 ಲಕ್ಷ ಮೀರದ ವಿದೇಶಿ ಆಸ್ತಿಗೆ 2024ರ ಅಕ್ಟೋಬರಿನಿಂದ ಆ ದಂಡ ಇಲ್ಲ, ಆದರೆ ತುಂಬುವ ಕರ್ಮ ತಪ್ಪಿಲ್ಲ. ಆದ್ದರಿಂದ ಓದುಗರೇ, ಸಿದ್ಧಾಂತವನ್ನು ಒಪ್ಪಿ, ಬಿಡಿ. ಒಂದೇ ಒಂದು ಆರ್‌ಎಸ್‌ಯು ಇದ್ದರೂ ಶೆಡ್ಯೂಲ್ ಎಫ್‌ಎ ತುಂಬಿ.