ಸ್ನಾಯುಪುರುಷಾರ್ಥ ಮೀಮಾಂಸೆ (ಡಬ್ಬಿಯ ಸುರಕ್ಷಿತ ಸೇವನಾವಿಧಿ ಸಹಿತ)

ಪ್ರಸ್ತಾವನೆ

ದೇಹದಾರ್ಢ್ಯ ಕ್ಷೇತ್ರದಲ್ಲಿ ‘ಟೆಸ್ಟೋ ಬೂಸ್ಟರ್’ ಎಂದು ಪ್ರಸಿದ್ಧವಾದ ಡಬ್ಬಿಗಳ ಸುರಕ್ಷಿತ ಸೇವನೆಯನ್ನು ಅಂತರ್‌ಶಿಸ್ತೀಯ, ಬಹುಆಯಾಮೀಯ ಹಾಗೂ ಸಾಧ್ಯವಾದಷ್ಟು ಅರ್ಥವಾಗದ ನೆಲೆಯಲ್ಲಿ ವಿವೇಚಿಸುವುದು ಪ್ರಸ್ತುತ ಪ್ರಬಂಧದ ವಿನಮ್ರ ಉದ್ದೇಶ. ಪರಿಭಾಷೆಯನ್ನು ಲೇಖಕನು ಒಂದು ‘ಉಚಿತ ಮಾರ್ಗದರ್ಶನ ಶಿಬಿರ’ದಲ್ಲಿ ಸ್ಲೈಡಿನ ಮೇಲೆ ಸ್ಲೈಡು ಸಹಿಸಿ ಸಂಪಾದಿಸಿದ್ದಾನೆ. ಅಲ್ಲಿ ‘ಹಾರ್ಮೋನಲ್ ಆಪ್ಟಿಮೈಸೇಶನ್’ ಎಂದಾಗಲೆಲ್ಲ ಮುಂದಿನ ಸಾಲಿನ ಹುಡುಗರು ಭಕ್ತಿಯಿಂದ ತಲೆಯಾಡಿಸುತ್ತಿದ್ದರು.

1. ಪರಂಪರೆ

ಶಾಸ್ತ್ರವೆಂದ ಮೇಲೆ ಆದ್ಯ ಆಚಾರ್ಯರೊಬ್ಬರು ಬೇಕು. ನಮ್ಮವರು ಬ್ರೌನ್-ಸೆಕಾರ್. 1889ರ ಜೂನ್‌ನಲ್ಲಿ, 72ನೆಯ ವಯಸ್ಸಿನಲ್ಲಿ, ನಾಯಿ ಮತ್ತು ಗಿನಿಹಂದಿಗಳ ವೃಷಣದ ರಸವನ್ನು ಚುಚ್ಚಿಕೊಂಡು ತಮಗೆ ತಾರುಣ್ಯ ಮರಳಿತೆಂದು ಪ್ಯಾರಿಸ್ಸಿನ ವಿದ್ವತ್ಸಭೆಯಲ್ಲಿ ಸಾರಿದವರು. ಸಾಕ್ಷ್ಯಕ್ಕೆಂದು ತಮ್ಮ ಮೂತ್ರಧಾರೆಯ ಉದ್ದವನ್ನೇ ಅಳೆದು, ಕಾಲುಭಾಗದಷ್ಟು ಹೆಚ್ಚಳವನ್ನು ದಾಖಲಿಸಿದರು. 2002ರಲ್ಲಿ ಆಸ್ಟ್ರೇಲಿಯಾದ ಸಂಶೋಧಕರು ಅದೇ ವಿಧಾನದಲ್ಲಿ ರಸ ಹಿಂಡಿ ನೋಡಿದರೆ, ಪರಿಣಾಮ ಬೀರುವಷ್ಟು ಟೆಸ್ಟೋಸ್ಟಿರಾನ್ ಎಂಬ ಹಾರ್ಮೋನು ಅದರಲ್ಲಿರಲೇ ಇಲ್ಲ. ಇಂದಿನ ‘ಬಿಫೋರ್-ಆಫ್ಟರ್’ ಫೋಟೋಗಳು ಆ ಮೂತ್ರಧಾರೆಯ ಅಳತೆಯ ನೇರ ವಂಶಸ್ಥರು.

2. ವರ್ಗೀಕರಣ

ಬೂಸ್ಟರುಗಳು ಪಂಚವಿಧ.

(ಅ) ಮೂಲಿಕಾಜನ್ಯ: ಟ್ರಿಬ್ಯುಲಸ್ ಟೆರೆಸ್ಟ್ರಿಸ್. ಗಾಬರಿ ಬೇಡ, ಹೊಲದ ಬದುವಿನಲ್ಲಿ ಬರಿಗಾಲಿಗೆ ಚುಚ್ಚುವ ನೆಗ್ಗಿಲು ಮುಳ್ಳು. 2007ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಆಸ್ಟ್ರೇಲಿಯಾದ ರಗ್ಬಿ ಆಟಗಾರರು 5 ವಾರ ಇದನ್ನು ನುಂಗಿದರು. ಹುಸಿಗುಳಿಗೆ ನುಂಗಿದವರಿಗೂ ಇವರಿಗೂ ಬಲದಲ್ಲಾಗಲಿ ಸ್ನಾಯುವಿನಲ್ಲಾಗಲಿ ವ್ಯತ್ಯಾಸ ಕಾಣಲಿಲ್ಲ. ಇದೇ ವರ್ಗದ ಅಶ್ವಗಂಧವು ಕೆಲವು ಸಣ್ಣ ಪ್ರಯೋಗಗಳಲ್ಲಿ ಟೆಸ್ಟೋಸ್ಟಿರಾನ್ ಮಟ್ಟವನ್ನು ತುಸು ಏರಿಸಿದ್ದುಂಟು. ಕೆಲವರ ಯಕೃತ್ತನ್ನು ಕೆಡಿಸಿದ್ದೂ ಉಂಟು.

(ಆ) ಆಮ್ಲಜನ್ಯ: ಡಿ-ಆಸ್ಪಾರ್ಟಿಕ್ ಆಮ್ಲ. ವ್ಯಾಯಾಮದಲ್ಲಿ ಪಳಗಿದ ಗಂಡಸರಿಗೆ ದಿನಕ್ಕೆ 6 ಗ್ರಾಂ ಕೊಟ್ಟು ನೋಡಿದಾಗ ಟೆಸ್ಟೋಸ್ಟಿರಾನ್ ಇಳಿಯಿತು. ಇದನ್ನು ‘ವಿಲೋಮವರ್ಧಕ’ ಎಂಬ ಉಪವರ್ಗದಲ್ಲಿ ಇಡತಕ್ಕದ್ದು.

(ಇ) ಖನಿಜಜನ್ಯ: ಸತು. ದೇಹದಲ್ಲಿ ಅದರ ಕೊರತೆ ಇದ್ದವರಿಗೆ ಉಪಯೋಗವಿದೆ. ಇಲ್ಲದವರು ದಿನಕ್ಕೆ 40 ಮಿಲಿಗ್ರಾಂ ದಾಟಿ ತಿಂಗಳುಗಟ್ಟಲೆ ನುಂಗಿದರೆ ತಾಮ್ರದ ಕೊರತೆಯೆಂಬ ಹೊಸ ಸಂಪಾದನೆ ಆದೀತು.

(ಈ) ಮತ್ತು (ಉ) ವರ್ಗಗಳನ್ನು ಪರಿಶೀಲಿಸಲಾಗಿ, ಅವು (ಅ), (ಆ), (ಇ)ಗಳನ್ನೇ ಕಲಸಿ, ಹುಲಿಯ ಚಿತ್ರದ ಬದಲು ಗೂಳಿಯ ಚಿತ್ರ ಅಂಟಿಸಿದವೆಂದು ತಿಳಿದುಬಂತು. ವರ್ಗೀಕರಣವನ್ನು ಇಲ್ಲಿಗೆ ಕೈಬಿಡಲಾಗಿದೆ.

3. ಸೇವನಾವಿಧಿ

ಜಿಮ್ಮಿನ ಹುಡುಗನಿಗೂ ಮಾಸ್ಟ್ರಿಗೂ ನಡೆಯುವ ಸಂವಾದ:

“ಮಾಸ್ಟ್ರೇ, ಇದು ಸೇಫಾ?”

“ಫುಲ್ ನ್ಯಾಚುರಲ್ ಕಣೋ. ಎಂಟು ವಾರ ತಗೋ, ನಾಲ್ಕು ವಾರ ಬಿಡು.”

ಇದೇ ‘ಸೈಕಲ್’ ಸೂತ್ರ. ಪೂರ್ವಪಕ್ಷ: ಡಬ್ಬಿ ಏನೂ ಮಾಡದಿದ್ದರೆ ಬಿಡುವುದೇಕೆ? ಉತ್ತರಪಕ್ಷ: ವೃಷಣಗ್ರಂಥಿಗೆ ವಿಶ್ರಾಂತಿ ಕೊಡಲು. ಆದರೆ ವಿಶ್ರಾಂತಿ ಬೇಕಾಗುವಷ್ಟು ಕೆಲಸ ಮಾಡುವುದಾದರೆ ಅದು ಆಹಾರವಲ್ಲ, ಔಷಧ. ಹಾಗಿದ್ದರೆ ಡಬ್ಬಿಯ ಮೇಲೆ ‘ಔಷಧೀಯ ಬಳಕೆಗಲ್ಲ’ ಎಂದು ಅಚ್ಚಾಗಿರುವುದೇಕೆ? ಸಿದ್ಧಾಂತ: 8 ವಾರಕ್ಕೆ ಡಬ್ಬಿ ಖಾಲಿಯಾಗುತ್ತದೆ, ಮುಂದಿನ ಸಂಬಳ ಬರಲು 4 ವಾರ ಬೇಕು.

4. ಅನುಕ್ತಪ್ರಕರಣ

ಕೆಲವು ಡಬ್ಬಿಗಳು ನಿಜವಾಗಿಯೂ ಕೆಲಸ ಮಾಡುತ್ತವೆ. ಅಂಜಬೇಕಾದ್ದು ಅವಕ್ಕೇ. 2007ರಿಂದ 2016ರವರೆಗೆ ಅಮೆರಿಕದ ಆಹಾರ-ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ, ಲೇಬಲ್ಲಿನಲ್ಲಿ ಹೇಳದ ಔಷಧ ಬೆರೆತ 776 ಪೂರಕಗಳನ್ನು ಗುರುತಿಸಿತು. ಅವುಗಳಲ್ಲಿ ಸ್ನಾಯು ಬೆಳೆಸುವ ಬಗೆಯ ಬಹುಪಾಲು ಡಬ್ಬಿಗಳಲ್ಲಿ ಇದ್ದದ್ದು ಸ್ಟಿರಾಯ್ಡ್ ಅಥವಾ ಅದರಂಥದ್ದೇ ವಸ್ತು.

ಇಲ್ಲಿಂದ ಮುಂದೆ ಪರಿಭಾಷೆ ಸಾಕು. ಹೊರಗಿನಿಂದ ಹಾರ್ಮೋನು ಬಂದು ಬಿದ್ದರೆ, ಮಿದುಳು ವೃಷಣಕ್ಕೆ ಕಳಿಸುವ ಸಂಕೇತವನ್ನು ನಿಲ್ಲಿಸುತ್ತದೆ. ವೃಷಣ ಕುಗ್ಗುತ್ತದೆ, ವೀರ್ಯಾಣು ಇಳಿಯುತ್ತದೆ, ರಕ್ತ ಗಟ್ಟಿಯಾಗುತ್ತದೆ, ಎದೆ ಊದಬಹುದು. ಬಾಯಿಂದ ನುಂಗುವ ಸ್ಟಿರಾಯ್ಡುಗಳಾದರೆ ಯಕೃತ್ತಿಗೂ ಪೆಟ್ಟು. ನಿಲ್ಲಿಸಿದ ಮೇಲೆ ಚೇತರಿಸಿಕೊಳ್ಳಲು ತಿಂಗಳುಗಳು, ಕೆಲವೊಮ್ಮೆ ವರ್ಷಕ್ಕೂ ಮೇಲೆ ಬೇಕು. ಮದುವೆಯಾಗಿ ಮಕ್ಕಳಾಗಲಿಲ್ಲವೆಂದು ಪರೀಕ್ಷೆಗೆ ಹೋದ ದಿನ ಈ ಲೆಕ್ಕ ಎದುರಿಗೆ ಬರುತ್ತದೆ. ಆಗ ಮಾಸ್ಟ್ರು ಫೋನ್ ಎತ್ತುವುದಿಲ್ಲ.

ಇನ್ನು, ಈ ಡಬ್ಬಿಯನ್ನು ಮಾರುತ್ತಿರುವುದು ಯಾರಿಗೆ? ಹತ್ತೊಂಬತ್ತರ ಹುಡುಗನಿಗೆ! ಈ ಹಾರ್ಮೋನು ಬದುಕಿನಲ್ಲೇ ತುಂಬಿ ಹರಿಯುವ ವಯಸ್ಸಿನವನಿಗೆ ‘ನಿನ್ನಲ್ಲಿ ಕೊರತೆಯಿದೆ’ ಎಂದು ಹೇಳುತ್ತೀರಿ. ರಕ್ತ ಪರೀಕ್ಷೆ ಇಲ್ಲ, ಡಾಕ್ಟರ ಚೀಟಿ ಇಲ್ಲ. ಕನ್ನಡಿ ಇದೆ, ಪಕ್ಕದಲ್ಲಿ ಅವನಿಗಿಂತ ದಪ್ಪ ತೋಳಿನವನಿದ್ದಾನೆ, ಅಷ್ಟೇ ನಿಮ್ಮ ರೋಗನಿದಾನ. ನಾಚಿಕೆಯಾಗಬೇಕು.

ಆ ಹುಡುಗನನ್ನು ಬೈಯಲು ನನಗೆ ಮನಸ್ಸಿಲ್ಲ. ದಿನವೂ ಬರುತ್ತಾನೆ, ಬೆವರು ಸುರಿಸುತ್ತಾನೆ, ಕೂಡಿಟ್ಟ ದುಡ್ಡು ತಂದು ಕೊಡುತ್ತಾನೆ. ಇಷ್ಟು ಶ್ರದ್ಧೆ ಇರುವವನಿಗೆ ನಿಜ ಹೇಳುವವರೇ ಸಿಗಲಿಲ್ಲ.

ಉಪಸಂಹಾರ

ತಮ್ಮಾ, ಟೆಸ್ಟೋಸ್ಟಿರಾನ್ ಕೊರತೆಯ ಅನುಮಾನವಿದ್ದರೆ ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ, ಎರಡು ಬೇರೆ ಬೇರೆ ದಿನ, ಅದರ ರಕ್ತ ಪರೀಕ್ಷೆ ಮಾಡಿಸಿ ಡಾಕ್ಟರಿಗೆ ತೋರಿಸು. ನಿಜವಾಗಿಯೂ ಕೊರತೆಯಿದ್ದರೆ ಚಿಕಿತ್ಸೆ ಇದೆ, ಅದು ಅವರ ಕೆಲಸ. ಇಲ್ಲದಿದ್ದರೆ ಹೊಟ್ಟೆ ತುಂಬ ಉಣ್ಣು, ಎಂಟು ಗಂಟೆ ಮಲಗು, ಭಾರವನ್ನು ನಿಧಾನಕ್ಕೆ ಏರಿಸು, ವರ್ಷಗಳ ಲೆಕ್ಕದಲ್ಲಿ ಕಾಯು. ಇದಕ್ಕೆ ಮೀಮಾಂಸೆ ಬೇಕಿರಲಿಲ್ಲ. ಆದರೆ ಶಿಬಿರದಲ್ಲಿ ಇಷ್ಟನ್ನೇ ಹೇಳಿ ಕಳಿಸಿದರೆ ಒಂದು ಡಬ್ಬಿಯೂ ಖರ್ಚಾಗುವುದಿಲ್ಲ.