ಸ್ವಯಂಸೇವಕ ಮೃಗಗಣಕ: ಬೀದರ್ ಪ್ರಭೇದದ ಸಮಗ್ರ ಅಧ್ಯಯನ

ವನ್ಯಜೀವಿಗಳನ್ನು ಸಂಬಳವಿಲ್ಲದೆ ಎಣಿಸುವ ಮನುಷ್ಯವರ್ಗಕ್ಕೆ ಶಾಸ್ತ್ರದಲ್ಲಿ ‘ಸಹಭಾಗಿತ್ವಾಧಾರಿತ ಜನಕೇಂದ್ರಿತ ದತ್ತಾಂಶೋತ್ಪಾದಕ ಸ್ವಯಂಸೇವಕ’ ಎಂದು ಹೆಸರು. ಬೀದರ್ ನಗರ, ಭಾಲ್ಕಿ, ಔರಾದ್ ಸೀಮೆಯಲ್ಲಿ ಇದು ಚಳಿಗಾಲದ ವಲಸೆಜೀವಿ. ಪಟ್ಟೆತಲೆ ಹೆಬ್ಬಾತು ಹಿಮಾಲಯ ದಾಟಿ ದಖ್ಖನ್ನಿನ ಕೆರೆಗಳಿಗೆ ಇಳಿಯುವ ತಿಂಗಳುಗಳಲ್ಲೇ ಇದು ಬೆಂಗಳೂರಿನಿಂದ ರಾತ್ರಿ ರೈಲಿನಲ್ಲಿ, ಹೈದರಾಬಾದಿನಿಂದ ಕಾರಿನಲ್ಲಿ ಬಂದಿಳಿಯುತ್ತದೆ. ಭಾನುವಾರ ಸಂಜೆಗೆ ಮರುವಲಸೆ. ಲಕ್ಷಣ: ಕೊರಳಲ್ಲಿ ದುರ್ಬೀನು, ಮೈಮೇಲೆ ಒಣಹುಲ್ಲಿನ ಬಣ್ಣದ ಜಾಕೀಟು, ಮನಸ್ಸಿನಲ್ಲಿ ಪ್ರಮಾಣಪತ್ರ.

ಕುಲದ ಮೂಲ 1900ರ ಕ್ರಿಸ್‌ಮಸ್. ಹಬ್ಬದ ದಿನ ಹಕ್ಕಿ ಹೊಡೆದು ರಾಶಿ ಹಾಕುವ ಬದಲು ಎಣಿಸೋಣವೆಂದು ಅಮೆರಿಕದ ಫ್ರಾಂಕ್ ಚಾಪ್‌ಮನ್ ಕರೆ ಕೊಟ್ಟಾಗ 27 ಮಂದಿ ಓಗೊಟ್ಟರು. ಬೀದರ್ ನಿಜಾಮರ ಆಳ್ವಿಕೆಯಲ್ಲಿದ್ದ ಕಾಲಕ್ಕೆ, 1930ರ ದಶಕದ ಆರಂಭದಲ್ಲಿ, ಸಲೀಂ ಅಲಿ ಹೈದರಾಬಾದ್ ಸಂಸ್ಥಾನದ ಹಕ್ಕಿಗಳ ಸಮೀಕ್ಷೆ ನಡೆಸಿದರು. ಆಗಿನ ಸಮೀಕ್ಷೆಗೆ ಕೋವಿಯೂ ಬೇಕಿತ್ತು. ಜನವರಿಯ ಏಷ್ಯಾ ಜಲಪಕ್ಷಿ ಗಣತಿ 1987ರಿಂದ, ಫೆಬ್ರುವರಿಯ ನಾಲ್ಕು ದಿನಗಳ ಹಿತ್ತಲ ಹಕ್ಕಿ ಎಣಿಕೆ ಭಾರತದಲ್ಲಿ 2013ರಿಂದ ನಡೆಯುತ್ತಿವೆ. ಇವು ಉಪಯುಕ್ತವಾದ್ದರಿಂದ ಅಣಕಿಸುವುದು ಕಷ್ಟ. ಅಣಕಕ್ಕೆ ಸಿಗುವುದು ಇವುಗಳ ಉದ್ಘಾಟನಾ ಭಾಷಣ.

ಉಪಪ್ರಭೇದಗಳು: (ಅ) ದೀರ್ಘಮಸೂರಿ. ಕ್ಯಾಮೆರಾ ಉದ್ದವಾದಷ್ಟೂ ಎಣಿಕೆ ಗಿಡ್ಡ. ಒಂದು ಗಂಡು ಕೃಷ್ಣಮೃಗದ ಕೊಂಬಿನ ಸುರುಳಿಗೆ ಇಡೀ ಬೆಳಗು ಕೊಟ್ಟು ಹಿಂಡನ್ನು ಮರೆಯುತ್ತದೆ. (ಆ) ಜಾಲನಿರೀಕ್ಷಕ. ಮೊಬೈಲಿಗೆ ಸಿಗ್ನಲ್ ಸಿಗುವ ದಿಬ್ಬ ಬಿಟ್ಟು ಕದಲದು. (ಇ), (ಈ), (ಉ)ಗಳೂ ಇವೆ. ಆದರೆ ನಾಷ್ಟಾಕ್ಕೆ ಕೂತಾಗ ಎಲ್ಲವೂ ಸುಸಲಾ, ಮಿರ್ಚಿಯನ್ನೇ ತಿನ್ನುವುದರಿಂದ ಈ ವರ್ಗೀಕರಣ ಮುಂದುವರಿಯುವುದಿಲ್ಲ.

ಕ್ರಮವಿಧಾನ ಸರಳ. ಗೊತ್ತುಮಾಡಿದ ಗೆರೆಯುದ್ದಕ್ಕೂ ನಡೆದು, ಎಡಬಲ ಕಂಡದ್ದನ್ನು, ಎಷ್ಟು ದೂರದಲ್ಲಿ ಕಂಡಿತೆಂಬುದನ್ನು ಬರೆಯಬೇಕು. ಒಂದು ತಂಡಕ್ಕೆ ಬೆದರಿದ ಹಿಂಡು ಪಕ್ಕದ ತಂಡದ ಗೆರೆ ದಾಟಿದರೆ ಜಿಂಕೆಗಳು ಮರಿ ಹಾಕದೆಯೇ ಇಮ್ಮಡಿಯಾಗುತ್ತವೆ. ಇದಕ್ಕೆ ‘ಸಂಖ್ಯಾಜನ್ಯ ಸಂತಾನಾಭಿವೃದ್ಧಿ’ ಎನ್ನಬಹುದು. ಇದಕ್ಕಿಂತ ದೊಡ್ಡ ದೋಷ ಸೊನ್ನೆಯದು. ಏನೂ ಕಾಣದ ಕಡೆ ಸೊನ್ನೆ ಬರೆಯುವುದು ಗಣತಿಯ ಪ್ರಾಣ. ಎರಡು ವರ್ಷಗಳ ಅಂಕಿಗಳನ್ನು ಹೋಲಿಸಲು ಆಧಾರವೇ ಅದು. ಆದರೆ ಸೊನ್ನೆಗಾಗಿ ರಾತ್ರಿಯಿಡೀ ರೈಲಿನಲ್ಲಿ ಬಂದವರು ಯಾರೂ ಇಲ್ಲ. ಹೀಗಾಗಿ ಭಾಲ್ಕಿ ತಾಲೂಕಿನ ಕಾರಂಜಾ ಹಿನ್ನೀರಿಗೆ ಜೀಪುಗಳ ಸಾಲು. ಜಿಂಕೆ ಬಿಟ್ಟುಹೋದ ಗಾಯರಾಣಕ್ಕೆ ಒಬ್ಬರೂ ಇಲ್ಲ.

ಬಿಟ್ಟುಹೋದದ್ದೇಕೆ? ಹುಲ್ಲುಗಾವಲನ್ನು ಪಾಳುಭೂಮಿಯೆಂದು ನಕಾಶೆಯಲ್ಲಿ ಬರೆದು, ಸಾಲು ಗುಂಡಿ ತೋಡಿ, ನೀಲಗಿರಿ, ಅಕೇಶಿಯಾ ನೆಟ್ಟು, ಹಸಿರೀಕರಣವಾಯಿತೆಂದು ಫೋಟೊ ಹೊಡೆಸಿಕೊಂಡದ್ದಕ್ಕೆ. ಕೃಷ್ಣಮೃಗಕ್ಕೆ ತೋಪು ಬೇಕಿಲ್ಲ. ದೂರದವರೆಗೆ ಕಾಣುವ ಬಯಲು ಬೇಕು. ಕಣ್ಣು ಮತ್ತು ಓಟ, ಎರಡೇ ಅದರ ಕಾವಲು. ಮಧ್ಯ ಏಷ್ಯಾದಿಂದ ಬರುವ ಹ್ಯಾರಿಯರ್ ಬೇಟೆಹಕ್ಕಿಗಳು ರಾತ್ರಿ ಮಲಗುವುದು ಹುಲ್ಲಿನ ನಡುವೆ, ನೆಲದ ಮೇಲೆ. ತೋಳಕ್ಕೂ ಕುರಿಗೂ ಅದೇ ಬಯಲು. ಇಷ್ಟು ತಿಳಿಯಲು ವಿಶ್ವವಿದ್ಯಾಲಯ ಬೇಕಿಲ್ಲ, ಔರಾದಿನ ಯಾವ ಕುರಿಗಾಹಿಯನ್ನು ಕೇಳಿದರೂ ಸಾಕು. ಯಾರೂ ಕೇಳುವುದಿಲ್ಲ. ಹಿಂಡು ಎಲ್ಲಿ ನೀರು ಕುಡಿಯುತ್ತದೆಂದು ತೋರಿಸಿದವನು ವರದಿಯಲ್ಲಿ ‘ಸ್ಥಳೀಯ ಮಾಹಿತಿದಾರ’. ದುರ್ಬೀನು ಹಿಡಿದವರ ಹೆಸರು ಮಾತ್ರ ಅಕಾರಾದಿಯಾಗಿ ಅಚ್ಚಾಗುತ್ತದೆ.

ಉಳಿದದ್ದು ಫಲಿತಾಂಶದ ವಿನಿಯೋಗ. ಬಯಲು ಕಳೆದುಕೊಂಡ ಜಿಂಕೆ ಹೊಲಕ್ಕೆ ಇಳಿಯುತ್ತದೆ: ಮುಂಗಾರಿನಲ್ಲಿ ಉದ್ದು, ಹೆಸರು, ಸೋಯಾ, ಹಿಂಗಾರಿನಲ್ಲಿ ಕಡಲೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೆಯ ಅನುಸೂಚಿಯಲ್ಲಿರುವ ಪ್ರಾಣಿ. ಮುಟ್ಟುವಂತಿಲ್ಲ, ಮುಟ್ಟಬಾರದು ಕೂಡ. ರೈತ ಬ್ಯಾಟರಿ ಹಿಡಿದು, ಡಬ್ಬಿ ಬಡಿಯುತ್ತ ಬದುವಿನ ಮೇಲೆ ಕೂರುತ್ತಾನೆ. ಹಿಂಡಿನಲ್ಲಿ ಎಷ್ಟಿವೆ, ಯಾವ ಕಡೆಯಿಂದ ಬರುತ್ತವೆ ಎಂಬುದೆಲ್ಲ ಅವನಿಗೆ ಬಾಯಿಪಾಠ. ಅವನೂ ಸಂಬಳವಿಲ್ಲದೆ ಎಣಿಸುವವನೇ. ಆದರೂ ಪ್ರಸ್ತುತ ಅಧ್ಯಯನದ ವ್ಯಾಖ್ಯೆಗೆ ಒಳಪಡುವುದಿಲ್ಲ, ಏಕೆಂದರೆ ಅವನು ನೋಂದಣಿ ಮಾಡಿಸಿಲ್ಲ.

ಬೆಳೆ ಹೋದ ಮೇಲೆ ಪರಿಹಾರದ ಅರ್ಜಿಗೆ ಪಹಣಿ, ಹಾನಿಯ ಫೋಟೊ ಸೇರಿಸಬೇಕು. ಅದೇ ಮುಂಜಾನೆ, ಅದೇ ಹೊಲದಲ್ಲಿ, ದೀರ್ಘಮಸೂರಿಯು ಕಡಲೆ ಮೇಯುತ್ತಿರುವ ಜಿಂಕೆಯ ಚಿತ್ರವನ್ನು ಹತ್ತಾರು ಕೋನಗಳಿಂದ ತೆಗೆದಿರುತ್ತದೆ. ಜೊತೆಗೆ ಸ್ಥಳದ ಅಕ್ಷಾಂಶ, ರೇಖಾಂಶ, ಗಂಟೆ, ನಿಮಿಷ. ಗಣತಿಯ ನಮೂನೆಯಲ್ಲಿ ಬೆಳೆಗೆ ಕಾಲಂ ಇಲ್ಲದ ಕಾರಣ ಚಿತ್ರವು ಛಾಯಾಚಿತ್ರ ಸ್ಪರ್ಧೆಗೆ ಹೋಗುತ್ತದೆ.